ಹಡಗಿನಲ್ಲಿ ಎಲ್ಲರೂ ಕ್ಷೇಮ

ಮಾನ್ಯ ಹೋಟೆಲ್ ಡೈರೆಕ್ಟರ್ ಅವರಿಗೆ,

ನಾವು ಮೈಸೂರಿನಲ್ಲಿ ಕ್ಷೇಮ. ನೀವಂತೂ ಸದಾ ಕ್ಷೇಮ. ಲಿಫ್ಟಿನ ಪಕ್ಕದ ಗೋಡೆಯಲ್ಲಿ ನಿಮ್ಮ ನಗುಮುಖದ ಫೋಟೋವನ್ನು ವಾರವಿಡೀ ನೋಡಿದ್ದೇನೆ.

ಯಾನ ಮುಗಿದು ಮನೆ ಸೇರುವಷ್ಟರಲ್ಲೇ ಅಭಿಪ್ರಾಯ ಕೇಳಿ ನಿಮ್ಮ ಇಮೇಲ್ ಬಂತು. ಫಾರ್ಮ್ ತುಂಬಿ ಕಳಿಸಿದ್ದೇನೆ. ಎಲ್ಲದಕ್ಕೂ ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ. ಯಾಕೆ ಕೊಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಹತ್ತು ಕೊಟ್ಟ ಮೇಲೂ ಒಂದಷ್ಟು ಮಾತು ಉಳಿದುಕೊಂಡಿತು, ಅದನ್ನು ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ. ನಿಮ್ಮ ಕಂಪನಿಯ ಹೆಸರಾಗಲೀ ಹಡಗಿನ ಹೆಸರಾಗಲೀ ಇಲ್ಲಿ ಬರುವುದಿಲ್ಲ. ಬರೆದರೆ ಉಳಿದ ಕಂಪನಿಗಳವರು ಇದು ತಮಗಲ್ಲ ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಕ್ಯಾಪ್ಟನ್‌ಗೆ ಬರೆಯಬಹುದಿತ್ತು. ಆದರೆ ಅವರದು ಚುಕ್ಕಾಣಿ, ಎಂಜಿನ್, ಹವಾಮಾನ. ಅನ್ನ, ಹಾಸಿಗೆ, ಹಾಡು, ಕುಣಿತ ನಿಮ್ಮದು. ಜನ ಫೋಟೋ ತೆಗೆಸಿಕೊಳ್ಳಲು ಕ್ಯಾಪ್ಟನ್ ಹತ್ತಿರ ಹೋಗುತ್ತಾರೆ, ಸೂಪ್ ತಣ್ಣಗಿದ್ದರೆ ನಿಮ್ಮನ್ನು ಹುಡುಕುತ್ತಾರೆ.

ಮೊದಲು ನನ್ನ ಅರ್ಹತೆ ಹೇಳಿಕೊಳ್ಳುತ್ತೇನೆ. ನಾನು ನಿವೃತ್ತ ಹೈಸ್ಕೂಲ್ ಮೇಡಂ. ಮಗಳು ಇರುವುದು ಫ್ಲೋರಿಡಾದ ಒರ್ಲಾಂಡೋದಲ್ಲಿ, ಅಲ್ಲಿಂದ ಪೋರ್ಟ್ ಕೆನವೆರಲ್ ಬಂದರಿಗೆ ಕಾರಿನಲ್ಲಿ ಒಂದು ತಾಸು. ವಯಸ್ಸಾದ ಅಪ್ಪ ಅಮ್ಮ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಚಿಂತೆ ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆಲ್ಲ ಇದೆ. ಬಹಳ ನಡೆಯಲಾರರು, ಬೆಟ್ಟ ಹತ್ತಲಾರರು, ಹೊರಗಿನ ಊಟ ಸರಿಹೋಗುವುದಿಲ್ಲ, ತಾಸಿಗೊಮ್ಮೆ ಬಾತ್‌ರೂಮ್ ಬೇಕು. ಇಷ್ಟಕ್ಕೂ ಅವರಿಗೆ ಹೊಳೆಯುವುದು ಕ್ರೂಸ್ ಒಂದೇ. ಹೀಗೆ ಹೋಗಿ ಹೋಗಿ ನಾನೂ ನಮ್ಮನೆಯವರೂ ನಿಮ್ಮ ಲೆಕ್ಕದಲ್ಲಿ ವಜ್ರ ದರ್ಜೆಯ ಪ್ರಯಾಣಿಕರಾಗಿದ್ದೇವೆ. ಮದುವೆಯಾದಾಗಿನಿಂದ ನಮ್ಮ ಮನೆಗೆ ವಜ್ರ ಅಂತ ಬಂದದ್ದು ಇದೊಂದೇ.

ವಜ್ರ ದರ್ಜೆಯವರಿಗೆ ಒಂದು ಪಿನ್ನು, ಸಂಜೆ ಕೆಲವು ಪುಕ್ಕಟೆ ಪಾನೀಯ, ಹಡಗು ಹತ್ತಲು ಬೇರೆ ಸಾಲು. ಫ್ಲೋರಿಡಾದಲ್ಲಿ ನಿವೃತ್ತರಿಗೇನು ಬರವೇ? ವರ್ಷಕ್ಕೆ ಮೂರು ನಾಲ್ಕು ಸಲ ಹಡಗು ಹತ್ತುವ ಜನ ಅವರು. ಹಾಗಾಗಿ ವಜ್ರದ ಸಾಲು ಬಾಗಿಲು ದಾಟಿ ಕಾರು ನಿಲ್ಲಿಸುವ ಜಾಗದವರೆಗೆ ಬೆಳೆದಿರುತ್ತದೆ. ಮೊದಲ ಸಲ ಬಂದವರು ಪಕ್ಕದ ಖಾಲಿ ಸಾಲಿನಲ್ಲಿ, ನಮ್ಮ ಪಿನ್ನುಗಳನ್ನು ಗೌರವದಿಂದ ನೋಡುತ್ತಾ ಒಳಗೆ ನಡೆದುಬಿಡುತ್ತಾರೆ. ಬಿಸಿಲಿನಲ್ಲಿ ನಿಂತು ಗೌರವ ಸ್ವೀಕರಿಸುವ ಈ ಅವಕಾಶಕ್ಕೆ ಕೃತಜ್ಞಳು.

ಮತ್ತೆ ಮತ್ತೆ ಯಾಕೆ ಬರುತ್ತೀರಿ ಎಂದು ನಿಮ್ಮ ಫಾರ್ಮಿನಲ್ಲಿ ಕೇಳಿದ್ದೀರಿ. ಸಮುದ್ರ, ವಿಶ್ರಾಂತಿ, ಸಾಹಸ, ಕುಟುಂಬ ಎಂದು ನಾಲ್ಕು ಆಯ್ಕೆ. ನನ್ನ ಕಾರಣ ಆ ನಾಲ್ಕರಲ್ಲೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ‘ಇವತ್ತು ತಿಂಡಿ ಏನು?’ ಎಂದು ನನ್ನನ್ನು ಯಾರೂ ಕೇಳದ ಜಾಗ ನೆಲದ ಮೇಲೆ ಸಿಗಲಿಲ್ಲ, ನೀರಿನ ಮೇಲೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ತವರಿನಲ್ಲೂ ಈ ಸುಖ ಎರಡು ದಿನ. ಮೂರನೆಯ ದಿನ ಸೌಟು ತಾನಾಗಿ ಕೈಗೆ ಬರುತ್ತದೆ. ಶಾಲೆಗೆ ಹೋಗುವ ಮೊದಲು ಮೂರು ಡಬ್ಬಿ ಕಟ್ಟಿ, ಬಂದ ಮೇಲೆ ರಾತ್ರಿಯಡುಗೆ ಮಾಡಿ ಮೂವತ್ತು ವರ್ಷ ಕಳೆದವಳಿಗೆ, ಕುಳಿತ ಕಡೆ ತಟ್ಟೆ ಬಂದು ತಿಂದ ಮೇಲೆ ಮಾಯವಾಗುವುದು ಎಂಥ ವೈಭವ ಅಂತ ನಿಮಗೆ ಗೊತ್ತಾಗಲಾರದು. ಇದಕ್ಕಾಗಿ, ಮುಂದೆ ಬರೆಯುವ ಎಲ್ಲವನ್ನೂ ನಗುನಗುತ್ತಾ ಸಹಿಸುತ್ತೇನೆ.

ಊಟದಿಂದಲೇ ಶುರು ಮಾಡುತ್ತೇನೆ. ನಿಮ್ಮ ದೊಡ್ಡ ಊಟದ ಹಾಲಿನ ಮೆನುವಿನಲ್ಲಿ ಸಸ್ಯಾಹಾರಿಗಳಿಗೆಂದು ಎಲೆಯ ಗುರುತಿನ ಒಂದು ಪದಾರ್ಥ ಇರುತ್ತದೆ. ಬದನೆಕಾಯಿ, ಇಲ್ಲದಿದ್ದರೆ ಅಣಬೆ. ಎರಡು ದಿನ ಬಿಟ್ಟು ಅದೇ ಬದನೆಕಾಯಿ ಇಟಲಿಯ ಹೆಸರಿಟ್ಟುಕೊಂಡು ವಾಪಸ್ ಬರುತ್ತದೆ. ಆದರೆ ಮೆನುವಿನಲ್ಲಿಲ್ಲದ ಇನ್ನೊಂದು ಊಟ ನಿಮ್ಮ ಅಡುಗೆಮನೆಯಲ್ಲಿದೆ ಎಂಬ ಗುಟ್ಟು ನಮ್ಮ ಜನಕ್ಕೆಲ್ಲ ಗೊತ್ತು. ಮೊದಲ ರಾತ್ರಿ ಹೆಡ್ ವೇಟರನ್ನು ಕರೆದು ‘ಇಂಡಿಯನ್ ವೆಜಿಟೇರಿಯನ್’ ಎಂದರೆ ಸಾಕು. ಮರುದಿನದಿಂದ ಅನ್ನ, ದಾಲ್, ಎರಡು ಪಲ್ಯ, ಹಪ್ಪಳ, ಉಪ್ಪಿನಕಾಯಿ. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದರೂ ಸರಿ, ಜೈನರಿಗೆ ಗಡ್ಡೆಗೆಣಸು ಬಿಟ್ಟೂ ಮಾಡಿಕೊಡುತ್ತಾರೆ. ಎಲ್ಲರೂ ಕೋಟು ಗೌನು ತೊಟ್ಟು ಬರುವ ಫಾರ್ಮಲ್ ರಾತ್ರಿಯಲ್ಲಿ ಸುತ್ತಲೂ ಲಾಬ್‌ಸ್ಟರ್ ಚಿಪ್ಪು ಒಡೆಯುವ ಸದ್ದು, ನಮ್ಮ ಟೇಬಲ್ಲಿನಿಂದ ಒಗ್ಗರಣೆಯ ಘಮ. ಪಕ್ಕದ ಟೇಬಲ್ಲಿನ ಟೆಕ್ಸಾಸ್ ದಂಪತಿ ಮೆನುವನ್ನು ಮೂರು ಸಲ ತಿರುಗಿಸಿ ನೋಡಿ, ಇದು ಯಾವ ಪುಟದಲ್ಲಿದೆ ಎಂದು ನನ್ನನ್ನೇ ಕೇಳಿದರು. ವಜ್ರದ ಪಿನ್ನಿಗೆ ಸಿಗದ ಮರ್ಯಾದೆ ಅವತ್ತು ಹಪ್ಪಳಕ್ಕೆ ಸಿಕ್ಕಿತು.

ಪನೀರಿನ ಬಗ್ಗೆ ಮಾತ್ರ ಹೇಳಲೇಬೇಕು. ಭಾರತ ಎಂದರೆ ಪನೀರು ಎಂದು ನಿಮ್ಮ ಮಿಯಾಮಿ ಕಚೇರಿಯಲ್ಲಿ ಯಾರೋ ತೀರ್ಮಾನ ಮಾಡಿದಂತಿದೆ. ಸೊಪ್ಪಿನಲ್ಲಿ ಪನೀರು, ಬಟಾಣಿಯಲ್ಲಿ ಪನೀರು, ಬೆಣ್ಣೆಯಲ್ಲಿ ಪನೀರು, ಕೊನೆಗೆ ಸಮುದ್ರ ಒರಟಾದ ರಾತ್ರಿ ಹೊಟ್ಟೆ ತೊಳಸುತ್ತಿದೆ ಎಂದರೆ ಸುಟ್ಟ ಪನೀರು. ನಮ್ಮತ್ತೆ ತೊಂಬತ್ತರ ಹತ್ತಿರ ಬದುಕಿ ಪನೀರಿನ ಮುಖ ನೋಡದೆ ಹೋದರು. ಅವರೂ ಭಾರತದವರೇ.

ಆ ಒರಟು ರಾತ್ರಿಯೇ ನಿಮ್ಮ ಅಸಿಸ್ಟೆಂಟ್ ವೇಟರ್ ಹುಡುಗನ ಪರಿಚಯವಾದದ್ದು. ಎದೆಯ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ‘ಇಂಡಿಯಾ’ ಎಂದಷ್ಟೇ ಇತ್ತು. ಹಡಗು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿತ್ತು. ನಾನು ನಮ್ಮನೆಯವರಿಗೆ, ‘ಒಂದು ತುತ್ತು ಮೊಸರನ್ನ ಸಿಕ್ಕಿದ್ರೆ ಸಾಕಿತ್ತು ಕಣ್ರೀ’ ಎಂದೆ. ನೀರು ಬಗ್ಗಿಸುತ್ತಿದ್ದ ಕೈ ನಿಂತಿತು.

‘ಮೊಸರು ಉಂಟು ಅಮ್ಮಾ. ಅನ್ನ ಸ್ವಲ್ಪ ಮೆತ್ತಗೆ ಮಾಡಿಸ್ತೇನೆ. ಒಳಗೆ ಇಂಡಿಯನ್ ಅಡುಗೆಯವರು ನನ್ನ ರೂಮ್‌ಮೇಟೇ.’

ಬ್ರಹ್ಮಾವರದ ಹತ್ತಿರದ ಹುಡುಗ. ಹತ್ತು ನಿಮಿಷದಲ್ಲಿ ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಮೊಸರನ್ನ ಬಂತು, ಮೇಲೆ ಸಾಸಿವೆ, ಮುರಿದ ಒಣಮೆಣಸಿನಕಾಯಿ. ಕರಿಬೇವು ಇರಲಿಲ್ಲ. ಅದರ ಬದಲು ಅಂದಕ್ಕೆಂದು ಪುದೀನದ ಒಂದು ಕುಡಿ ಸಿಕ್ಕಿಸಿದ್ದರು. ನಿಮ್ಮ ಕಂಪನಿಯ ನಿಯಮ ಇರಬೇಕು. ಆ ಊಟಕ್ಕೆ ನಿಮ್ಮ ಫಾರ್ಮಿನಲ್ಲಿ ಕಾಲಂ ಇರಲಿಲ್ಲ, ಬಿಲ್ಲಿನಲ್ಲೂ ಇರಲಿಲ್ಲ. ಇಡೀ ಹಡಗಿನಲ್ಲಿ ನಿಜಕ್ಕೂ ಪುಕ್ಕಟೆ ಸಿಕ್ಕಿದ್ದು ಅದೊಂದೇ ಎಂದು ನನ್ನ ಅಂದಾಜು.

ಕಾಫಿ ಬೇರೆಯ ಅಧ್ಯಾಯ. ಸಮುದ್ರದ ಉಪ್ಪುನೀರನ್ನು ಎಂಜಿನ್ನಿನ ಬಿಸಿಯಲ್ಲೇ ಆವಿ ಮಾಡಿ ಕುಡಿಯುವ ನೀರಾಗಿಸುವ ನಿಮ್ಮ ಯಂತ್ರದ ಮೇಲೆ, ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ನಮ್ಮನೆಯವರಿಗೆ ಅಪಾರ ಗೌರವ. ಅಷ್ಟು ಕಷ್ಟಪಟ್ಟು ತಯಾರಿಸಿದ ನೀರನ್ನು ಬಫೆಯ ಕಾಫಿ ಯಂತ್ರಕ್ಕೆ ಯಾಕೆ ಹಾಕುತ್ತೀರಿ ಎಂಬುದು ಅವರಿಗೆ ಅರ್ಥವಾಗಿಲ್ಲ. ಕ್ಯಾಬಿನ್ನಿಗೆ ಕೆಟಲ್ ತರುವ ಹಾಗಿಲ್ಲ, ಬೆಂಕಿಯ ಭಯ. ನ್ಯಾಯವಾದ ನಿಯಮ. ಹಡಗು ಹತ್ತುವಾಗ ಮುಟ್ಟುಗೋಲು ಹಾಕಿಕೊಂಡ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್‌ಗಳನ್ನು ಸಾಲಾಗಿ ಇಟ್ಟ ಮೇಜನ್ನು ನೋಡಿದರೆ ಭಾರತದಿಂದ ಎಷ್ಟು ಜನ ಬಂದಿದ್ದಾರೆಂದು ಎಣಿಸಿಬಿಡಬಹುದು. ಆದರೆ ನಿಯಮ ಬರೆದವರಿಗೆ ನಮ್ಮ ಫಿಲ್ಟರ್ ಗೊತ್ತಿರಲಿಲ್ಲ. ಎರಡು ಅಂತಸ್ತಿನ ಸ್ಟೀಲು ಡಬ್ಬಿ, ತಳದಲ್ಲಿ ತೂತುಗಳು, ಒಳಗೆ ಕಡ್ಡಿ ನೆಟ್ಟ ಬಿಲ್ಲೆ. ಸ್ಕ್ಯಾನರ್ ಪರದೆಯಲ್ಲಿ ಅದನ್ನು ಕಂಡು ನಿಮ್ಮ ಭದ್ರತೆಯವರು ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು ಕರೆದರು. ಬಿಚ್ಚಿ, ತಿರುಗಿಸಿ, ಮೂಸಿ ನೋಡಿದರು. ವಯರಿಲ್ಲ, ಪ್ಲಗ್ಗಿಲ್ಲ. ಯಾವ ಪಟ್ಟಿಗೂ ಸೇರದೆ ನನ್ನ ಫಿಲ್ಟರ್ ಹಡಗು ಹತ್ತಿತು. ರಾತ್ರಿ ಬಫೆಯ ನಲ್ಲಿಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದು ಸುರಿದಿಟ್ಟರೆ ಬೆಳಿಗ್ಗೆಗೆ ಡಿಕಾಕ್ಷನ್ ಇಳಿದಿರುತ್ತದೆ. ಬೆಳಿಗ್ಗೆ ಆರಕ್ಕೆ ಹತ್ತನೇ ಡೆಕ್ಕಿನಲ್ಲಿ ಪರಿಮಳ ಹಿಡಿದು ಬಂದ ಒಬ್ಬ ತಮಿಳು ಮಾಮಿಯೂ ಧಾರವಾಡದ ಕಡೆಯ ದಂಪತಿಯೂ ಈಗ ನಮ್ಮ ವಾಟ್ಸ್ಆ್ಯಪ್ ಬಳಗದಲ್ಲಿದ್ದಾರೆ.

ಜಾಹೀರಾತಿನಲ್ಲಿ ‘ಎಲ್ಲವೂ ಸೇರಿದೆ’ ಎನ್ನುತ್ತೀರಿ. ಸೇರದ್ದನ್ನು ಬರೆಯಹೊರಟರೆ ಸಂಪಾದಕರು ಜಾಗ ಕೊಡುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಮದ್ಯದ ಪ್ಯಾಕೇಜಿನ ನಿಯಮ. ಗಂಡ ಕೊಂಡರೆ ಅದೇ ಕ್ಯಾಬಿನ್ನಿನಲ್ಲಿರುವ ಹೆಂಡತಿಯೂ ಕೊಳ್ಳಲೇಬೇಕು. ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಬೆಲೆ, ಅದರ ಮೇಲೆ ಸರ್ವಿಸ್ ಚಾರ್ಜ್. ಕುಡಿಯದ ಹೆಂಗಸರನ್ನು ಕುಡಿತಕ್ಕೆ ಹಚ್ಚುವ ಇಂಥ ನಿಯಮ ನಮ್ಮ ಅಬಕಾರಿ ಇಲಾಖೆಗೂ ಹೊಳೆದಿಲ್ಲ. ಒಂದು ಕಂಪನಿಯಲ್ಲಿ ದಿನಕ್ಕೆ 15 ಲೋಟದ ಮಿತಿ ಇದೆ. ಹದಿನಾರನೆಯ ಲೋಟವನ್ನು ತಡೆದು ಗಿರಾಕಿಯ ಆರೋಗ್ಯ ಕಾಪಾಡುತ್ತಾರೆ. ಮೊದಲು ಪುಕ್ಕಟೆಯಿದ್ದ ರೂಮ್ ಸರ್ವಿಸ್‌ಗೆ ಈಗ ಶುಲ್ಕ. ದಿನಕ್ಕೆ ಎರಡು ಸಲ ಬರುತ್ತಿದ್ದ ಕ್ಯಾಬಿನ್ ಹುಡುಗ ಈಗ ಒಂದೇ ಸಲ ಬರುತ್ತಾನೆ; ನಮ್ಮ ಏಕಾಂತಕ್ಕೆ ಭಂಗ ಬರಬಾರದೆಂದು ಹೀಗೆ ಮಾಡಿದ್ದೀರಂತೆ. ಆ ಏಕಾಂತ ಅವನಿಗೆ ಸಿಕ್ಕಿಲ್ಲ. ಮೊದಲಿಗಿಂತ ಹೆಚ್ಚು ಕ್ಯಾಬಿನ್ನುಗಳು ಅವನ ಪಾಲಿಗೆ ಬಂದಿವೆ. ಅಷ್ಟರಲ್ಲೂ ನಮ್ಮ ಟವೆಲನ್ನು ಮಡಿಸಿ ಆನೆ ಮಾಡಿ, ಅದಕ್ಕೆ ನನ್ನ ಕನ್ನಡಕ ತೊಡಿಸಿ ಹೋಗುತ್ತಾನೆ.

ಟವೆಲ್ ಎಂದಾಗ ಈಜುಕೊಳದ ಕುರ್ಚಿಗಳು ನೆನಪಾದವು. ಬೆಳಿಗ್ಗೆ ಆರೂವರೆಗೆ ಎಲ್ಲ ಕುರ್ಚಿಗಳ ಮೇಲೂ ಟವೆಲ್, ಒಂದು ಚಪ್ಪಲಿ, ಮಧ್ಯದಲ್ಲಿ ತೆರೆದಿಟ್ಟ ಒಂದು ಕಾದಂಬರಿ. ಮನುಷ್ಯರು ಬರುವುದು ಹನ್ನೊಂದಕ್ಕೆ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ನಮ್ಮವರನ್ನು ಶಿಸ್ತಿಲ್ಲದ ಜನ ಎನ್ನುತ್ತಿದ್ದ ಅಳಿಯ, ಇದನ್ನು ನೋಡಿದ ಮೇಲೆ ಸುಮ್ಮನಾಗಿದ್ದಾನೆ. ಸ್ವಲ್ಪ ಹೊತ್ತು ಖಾಲಿಯಿದ್ದರೆ ಟವೆಲ್ ತೆಗೆಯುತ್ತೇವೆ ಎಂಬ ನಿಮ್ಮ ಫಲಕ ಪಕ್ಕದಲ್ಲೇ ಇದೆ. ಅದರ ಮೇಲೂ ಯಾರೋ ಟವೆಲ್ ಹಾಕಿದ್ದರು.

ಮನರಂಜನೆ. ನಿಮ್ಮ ರಂಗಮಂದಿರದ ಕಲಾವಿದರ ಬಗ್ಗೆ ತಮಾಷೆ ಮಾಡಲಾರೆ. ವಾಲಾಡುವ ವೇದಿಕೆಯ ಮೇಲೆ ತಪ್ಪದೆ ಹೆಜ್ಜೆ ಹಾಕುವ ಹುಡುಗ ಹುಡುಗಿಯರು ಅವರು, ಐಸ್ ರಿಂಕಿನಲ್ಲಿ ತಿರುಗುವವರಂತೂ ಉಸಿರು ಬಿಗಿಹಿಡಿಸುತ್ತಾರೆ. ಉಳಿದ ಹೊತ್ತಿನ ಕಾರ್ಯಕ್ರಮಗಳು ಮಾತ್ರ ನನ್ನ ಶಾಲೆಯ ಪಿ.ಟಿ. ಪೀರಿಯಡ್ಡನ್ನು ನೆನಪಿಸಿದವು. ಹೊಟ್ಟೆಯ ಮೇಲೆ ನೀರಿಗೆ ಬೀಳುವ ಸ್ಪರ್ಧೆ, ಎದೆಯ ಮೇಲೆ ಯಾರಿಗೆ ಹೆಚ್ಚು ಕೂದಲಿದೆ ಎಂಬ ಸ್ಪರ್ಧೆ. ನನ್ನ ಪಾಲಿಗೆ ಉಳಿದದ್ದು ಕ್ವಿಜ್. ರಾಜಧಾನಿಗಳ ಸುತ್ತಿನಲ್ಲಿ ಎಲ್ಲರನ್ನೂ ಸೋಲಿಸಿ ಒಂದು ಪ್ಲಾಸ್ಟಿಕ್ ಕೀಚೈನು ಗೆದ್ದೆ. ಅದಕ್ಕಾಗಿ ಒಹಾಯೋದ ನಿವೃತ್ತ ಜಡ್ಜ್ ಒಬ್ಬರು ನನ್ನೊಡನೆ ವಾದಕ್ಕಿಳಿದರು. ನಿಮ್ಮ ಕ್ರೂಸ್ ಡೈರೆಕ್ಟರ್ ಪ್ರತಿ ಯಾನದಲ್ಲೂ ಹೇಳುವ ಜೋಕು, ‘ಸಿಬ್ಬಂದಿ ರಾತ್ರಿ ಮಲಗುವುದು ಹಡಗಿನಲ್ಲೇನಾ ಎಂದು ಒಬ್ಬ ಹೆಂಗಸು ಕೇಳಿದಳು’ ಎಂಬುದಕ್ಕೆ ಈ ಸಲವೂ ಎಲ್ಲರೂ ನಕ್ಕರು. ಮಲಗುವುದು ಎಷ್ಟು ಹೊತ್ತು ಎಂದು ಅವಳು ಕೇಳಿದ್ದರೆ ಜೋಕು ಅಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ.

ಈ ನಡುವೆ ಸಮುದ್ರ ಎಂಬುದೊಂದಿದೆ. ಅದಕ್ಕೆ ಟಿಕೆಟ್ ಇಲ್ಲ, ಆದ್ದರಿಂದ ನೋಡುವವರೂ ಕಡಿಮೆ. 2024ರ ಜನವರಿಯಲ್ಲಿ ಮಿಯಾಮಿಯಿಂದ ಮೊದಲ ಯಾನಕ್ಕೆ ಹೊರಟ ಐಕಾನ್ ಆಫ್ ದಿ ಸೀಸ್ ಹಡಗು 365 ಮೀಟರ್ ಉದ್ದ, 20 ಡೆಕ್, ತುಂಬಿದರೆ 7,600 ಪ್ರಯಾಣಿಕರು. ಟನ್ನೇಜಿನ ಲೆಕ್ಕದಲ್ಲಿ ಐದು ಟೈಟಾನಿಕ್‌ಗಳಿಗಿಂತ ದೊಡ್ಡದು. ಅದರಲ್ಲಿ ಏಳು ಈಜುಕೊಳ, ಆರು ನೀರಿನ ಜಾರುಬಂಡೆ. ಸಮುದ್ರದ ಮೇಲೆ ಹೋಗುವಾಗ ನೀರಿನ ಕೊರತೆ ಕಾಡಬಾರದಲ್ಲ! ಒಳಗಿನ ಕ್ಯಾಬಿನ್ನುಗಳಿಗೆ ಹೊರಗಿನ ಸಮುದ್ರವನ್ನು ತೋರಿಸುವ ಟೀವಿ ಪರದೆಯನ್ನೂ ಕೆಲವು ಹಡಗುಗಳಲ್ಲಿ ಹಾಕಿದ್ದಾರೆ.

ಬಂದರುಗಳ ಬಗ್ಗೆ ಹೆಚ್ಚು ಬರೆಯಲಾರೆ, ಎಲ್ಲ ಕಡೆಯೂ ಅದೇ ವಜ್ರದ ಅಂಗಡಿ. ನಿಮ್ಮ ದ್ವೀಪದ ವಿಷಯ ಮಾತ್ರ ಸ್ವಾರಸ್ಯ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಸುತ್ತಾಡಿಸಿ ಅಲ್ಲಿಗೇ ತಂದಿಳಿಸಬೇಕಾದರೆ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. 1886ರ ಕಾನೂನು ಅದು. ನಿಮ್ಮ ಕಚೇರಿ ಮಿಯಾಮಿಯಲ್ಲಿದ್ದರೂ ಹಡಗಿನ ಹಿಂಬದಿಯಲ್ಲಿ ಬರೆದಿರುವ ಊರು ಬಹಾಮಾಸ್‌ನ ನಸ್ಸಾವ್. ಹಾಗಾಗಿ ಬಹಾಮಾಸ್‌ನಲ್ಲೇ ದ್ವೀಪ ಹಿಡಿದು, ಅಲ್ಲಿ ನಿಮ್ಮದೇ ಬಾರು, ನಿಮ್ಮದೇ ಕುರ್ಚಿ, ನಿಮ್ಮದೇ ಬರ್ಗರ್ ಇಟ್ಟಿದ್ದೀರಿ. ವಿದೇಶ ಮುಟ್ಟಿದ ಹಾಗಾಯಿತು, ವಿದೇಶದವರನ್ನು ಮುಟ್ಟುವ ಪ್ರಮೇಯ ಬರಲಿಲ್ಲ.

ಆರೋಗ್ಯ, ರಕ್ಷಣೆಗಳ ವಿಷಯದಲ್ಲಿ ಬೈಯುವುದು ನಿಮ್ಮನ್ನಲ್ಲ, ನನ್ನ ಸಹಪ್ರಯಾಣಿಕರನ್ನು. ಬಫೆ ಬಾಗಿಲಲ್ಲಿ ಹಾಡು ಹೇಳಿಕೊಂಡು ಕೈಗೆ ಸ್ಯಾನಿಟೈಸರ್ ಹಾಕುವ ಹುಡುಗಿಯನ್ನು ತಪ್ಪಿಸಿಕೊಂಡು ಹೋಗುವ ಜನ ಇದ್ದಾರೆ. ಹಡಗುಗಳಲ್ಲಿ ಹೊಟ್ಟೆ ಕೆಡಿಸುವ ನೊರೊವೈರಸ್ ಆ ಸ್ಯಾನಿಟೈಸರಿಗೂ ಸುಲಭವಾಗಿ ಜಗ್ಗುವುದಿಲ್ಲ, ಸೋಪು ನೀರು ಬೇಕು. ಅದಕ್ಕೇ ಬಾಗಿಲಲ್ಲಿ ಕೈ ತೊಳೆಯುವ ತೊಟ್ಟಿಗಳನ್ನು ಇಟ್ಟಿದ್ದೀರಿ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳದೆ ಕೇಳದೆ ಹಡಗಿಗೆ ನುಗ್ಗಿ ಅಡುಗೆಮನೆ ತಪಾಸಣೆ ಮಾಡಿ ನೂರಕ್ಕೆ ಅಂಕ ಹಾಕುತ್ತದೆ, 85 ಬಂದರೂ ಫೇಲು. ಅಂಥ ಪರೀಕ್ಷೆ ಪ್ರಯಾಣಿಕರ ಕೈಗಳಿಗೆ ಇಟ್ಟರೆ ಎಷ್ಟು ಹಡಗು ಹೊರಟೀತು? ಅಪಾಯದ ಅಣಕು ಅಭ್ಯಾಸವೂ ಹಾಗೆಯೇ. 2012ರ ಜನವರಿ 13ರಂದು ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನ ಹತ್ತಿದವರಿಗೆ ಇನ್ನೂ ಅಭ್ಯಾಸ ಮಾಡಿಸಿರಲಿಲ್ಲ. ಆಮೇಲೆ ಹಡಗು ಬಿಡುವ ಮೊದಲೇ ಇಲ್ಲವೇ ಬಿಟ್ಟ ಕೂಡಲೇ ಅಭ್ಯಾಸ ಕಡ್ಡಾಯವಾಯಿತು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ. ಅದು ಕೇಳುವಾಗ ಜನ ಬಾರಿನಲ್ಲಿ ಫೋನ್ ಹಿಡಿದು ಸುರಕ್ಷತೆಯ ವಿಡಿಯೋ ಮುಗಿಯಲಿ ಎಂದು ಕಾಯುತ್ತಿರುತ್ತಾರೆ.

ಇನ್ನು ಸೇವೆ. ಹತ್ತಕ್ಕೆ ಹತ್ತು ಕೊಟ್ಟ ಕಾರಣ ಇಲ್ಲಿದೆ.

ಕೊನೆಯ ರಾತ್ರಿ ಊಟದ ಹಾಲಿನಲ್ಲಿ ವೇಟರ್‌ಗಳೆಲ್ಲ ನ್ಯಾಪ್ಕಿನ್ ಬೀಸುತ್ತಾ ಮೆರವಣಿಗೆ ಮಾಡಿದರು, ಚಪ್ಪಾಳೆ ಬಿತ್ತು. ಆಮೇಲೆ ಬ್ರಹ್ಮಾವರದ ಹುಡುಗ ನಮ್ಮ ಟೇಬಲ್ಲಿಗೆ ಬಂದು, ಗ್ಲಾಸು ಸರಿಮಾಡುವ ನೆಪದಲ್ಲಿ ಬಗ್ಗಿ ಹೇಳಿದ:

‘ಅಮ್ಮಾ, ಫಾರ್ಮ್ ಬರ್ತದೆ. ಒಂಬತ್ತು ಕೊಡ್ಬೇಡಿ. ಇಲ್ಲಿ ಒಂಬತ್ತು ಅಂದ್ರೆ ಫೇಲ್ ಅಲ್ವಾ.’

ಮೂವತ್ತೈದಕ್ಕೆ ಪಾಸು ಮಾಡುತ್ತಿದ್ದ ಕಾಲದ ಎಸ್ಸೆಸ್ಸೆಲ್ಸಿ ಪೇಪರುಗಳನ್ನು ಬೇಸಿಗೆಯೆಲ್ಲ ಕುಳಿತು ತಿದ್ದಿದವಳು ನಾನು. ಎಂಥೆಂಥ ಉತ್ತರಕ್ಕೂ ಎಲ್ಲಿಂದಲಾದರೂ ಒಂದು ಅಂಕ ಹುಡುಕಿ ಕೊಟ್ಟಿದ್ದೇನೆ. ನೂರಕ್ಕೆ ತೊಂಬತ್ತು ತೆಗೆದವನು ಫೇಲಾಗುವ ಶಾಲೆಯನ್ನು ನಿಮ್ಮಲ್ಲೇ ನೋಡಿದ್ದು. ನಿಮ್ಮ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ ನೋಡಿ. ‘ಊಟ ರುಚಿಯಾಗಿತ್ತೇ?’ ಸಪ್ಪೆ ಸೂಪಿನ ಪಾಕವಿಧಾನ ಬರೆದವರು ಮಿಯಾಮಿಯಲ್ಲಿ, ಅಂಕ ಕಡಿಮೆಯಾದರೆ ನಮ್ಮ ಟೇಬಲ್ಲಿನ ವೇಟರಿಗೆ ಪೆಟ್ಟು. ‘ಕ್ಯಾಬಿನ್ ಸೇವೆ ಸಮಯಕ್ಕೆ ಸರಿಯಾಗಿತ್ತೇ?’ ಕೆಲಸದವರನ್ನು ಕಡಿಮೆ ಮಾಡಿದವರು ಲೆಕ್ಕಪತ್ರ ವಿಭಾಗದವರು, ಉತ್ತರ ಕೊಡಬೇಕಾದವನು ಟವೆಲಿನಲ್ಲಿ ಆನೆ ಮಾಡುವವನು. ಪನೀರಿನ ಮೇಲಿನ ನನ್ನ ಕೋಪಕ್ಕೆ ಅವನ ಮುಂದಿನ ಕಾಂಟ್ರಾಕ್ಟ್ ಯಾಕೆ ಅಲುಗಬೇಕು? ಆದ್ದರಿಂದ ಎಲ್ಲಕ್ಕೂ ಹತ್ತು ಒತ್ತಿದೆ. ನನ್ನ ಹಾಗೆ ಒತ್ತುವವರು ಸಾವಿರಾರು ಜನ ಇರಬಹುದು. ಅದನ್ನೇ ಕೂಡಿಸಿ ಪ್ರಯಾಣಿಕರು ಪರಮ ತೃಪ್ತರು ಎಂದು ನೀವು ಮೇಲಿನವರಿಗೆ ವರದಿ ಕಳಿಸಿರುತ್ತೀರಿ.

ಆ ಹುಡುಗ ಏಳೆಂಟು ತಿಂಗಳ ಕಾಂಟ್ರಾಕ್ಟಿನ ಮೇಲೆ ಬಂದವನು. ವಾರದ ರಜೆ ಎಂಬುದು ಇಲ್ಲ. ಬೆಳಿಗ್ಗೆ ಬಫೆ, ಮಧ್ಯಾಹ್ನ ಊಟದ ಹಾಲು, ರಾತ್ರಿ ಎರಡು ಪಂಕ್ತಿ. ನಾವಿರುವ ಡೆಕ್ಕುಗಳಲ್ಲಿ ಕಾಲಿಟ್ಟರೆ ಹೂತುಹೋಗುವಂಥ ಕಾರ್ಪೆಟ್ಟು. ಅವರಿರುವ ಕೆಳಗಿನ ಡೆಕ್ಕಿನಲ್ಲಿ ಹಡಗಿನ ಉದ್ದಕ್ಕೂ ಕಬ್ಬಿಣದ ಒಂದು ಓಣಿ, ಅಮೆರಿಕದ ಹೆದ್ದಾರಿಯ ಹೆಸರನ್ನೇ ಇಟ್ಟು ಅದನ್ನು ಐ-95 ಎನ್ನುತ್ತಾರೆ. ಎಷ್ಟು ತಾಸು ದುಡಿಯಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಕಾನೂನಿದೆ, 2006ರ ಕಡಲ ಕಾರ್ಮಿಕ ಒಡಂಬಡಿಕೆ. ಅದರಲ್ಲಿ ವಿಶ್ರಾಂತಿಯ ಲೆಕ್ಕ ಹಿಡಿದರೆ ದಿನಕ್ಕೆ ಕನಿಷ್ಠ 10 ತಾಸು, ವಾರಕ್ಕೆ 77 ತಾಸು. ದಿನದ ಹತ್ತನ್ನು ಎರಡು ತುಂಡು ಮಾಡಬಹುದು, ಒಂದು ತುಂಡು 6 ತಾಸಿಗೆ ಕಡಿಮೆಯಿರಬಾರದು. ವಾರದಲ್ಲಿರುವುದು 168 ತಾಸು. ಕಳೆದು ನೋಡಿದರೆ 91 ತಾಸು ಕೆಲಸ ಮಾಡಿಸಿದರೂ ಕಾನೂನು ಮುರಿದ ಹಾಗಾಗುವುದಿಲ್ಲ. ಹಿಂಬದಿಯಲ್ಲಿ ನಸ್ಸಾವ್ ಎಂದು ಬರೆದಿರುವುದರಿಂದ ಅಮೆರಿಕದ ಕನಿಷ್ಠ ವೇತನದ ಕಾನೂನೂ ಅವನನ್ನು ಮುಟ್ಟುವುದಿಲ್ಲ. ಸಂಬಳದ ದೊಡ್ಡ ಪಾಲನ್ನು ನೀವು ನಮ್ಮ ಬಿಲ್ಲಿಗೆ ‘ಟಿಪ್ಸ್’ ಎಂದು ಸೇರಿಸುತ್ತೀರಿ, ತಲೆಗೆ ದಿನಕ್ಕೆ ಇಷ್ಟು ಎಂದು. ಕೊಡಲು ಬೇಸರವಿಲ್ಲ. ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾನಂತೆ, ತಂಗಿಯ ನರ್ಸಿಂಗ್ ಓದು ಮುಗಿಯಿತಂತೆ. ಆದರೆ ಬಟವಾಡೆ ಮಾಡುವವರು ನಾವಾದ ಮೇಲೆ ಅವನಿಗೆ ಭಾನುವಾರ ರಜೆ ಕೊಡುವ ಅಧಿಕಾರವನ್ನೂ ನಮಗೇ ಕೊಟ್ಟುಬಿಡಿ.

2020ರ ಫೆಬ್ರುವರಿ ನಿಮಗೂ ನೆನಪಿರಬೇಕು. ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೊನಾ ಕಾರಣಕ್ಕೆ ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಜನ. ಪ್ರಯಾಣಿಕರಿಗೆ ಕ್ಯಾಬಿನ್ ಬಿಟ್ಟು ಹೊರಬರಬೇಡಿ ಎಂದರು. ಹಾಗಾದರೆ ಊಟ? ಮೂರು ಹೊತ್ತೂ ಬಾಗಿಲು ಬಾಗಿಲಿಗೆ ತಟ್ಟೆ ಒಯ್ದವರು ಸಿಬ್ಬಂದಿ. ಅವರು ಉಂಡದ್ದು ಒಟ್ಟಿಗೇ, ಮಲಗಿದ್ದು ಒಂದೇ ಕೋಣೆಯಲ್ಲಿ ಇಬ್ಬಿಬ್ಬರು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಜನ ಕೆಲಸದವರೇ. ಏಳುನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಆ ಮೂರು ಹೊತ್ತಿನ ಊಟದ ರುಚಿಗೆ ಹತ್ತರಲ್ಲಿ ಎಷ್ಟು?

ಕೊನೆಯದಾಗಿ ಒಂದು ಸಲಹೆ. ಮಂಗಳೂರಿನ ಪಣಂಬೂರಿನಲ್ಲಿ ನವಮಂಗಳೂರು ಬಂದರಿದೆ. ಚಳಿಗಾಲದಲ್ಲಿ ಕೊಚ್ಚಿ, ಗೋವಾ, ಮುಂಬೈ ಕಡೆ ಓಡಾಡುವ ಕೆಲವು ಕ್ರೂಸ್ ಹಡಗುಗಳು ಬೆಳಿಗ್ಗೆ ಬಂದು ಸಂಜೆ ಹೊರಡುತ್ತವೆ. ಪ್ರವಾಸಿಗಳನ್ನು ಬಸ್ಸಿನಲ್ಲಿ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯುತ್ತಾರೆ. ನಿಮ್ಮ ಹುಡುಗ ಜಮೈಕಾ ನೋಡಿದ್ದಾನೆ, ಅಲಾಸ್ಕಾದ ಹಿಮ ನೋಡಿದ್ದಾನೆ. ಪಣಂಬೂರನ್ನು ಹಡಗಿನ ಮೇಲಿಂದ ನೋಡಿಲ್ಲ. ಬಂದರಿನ ಎದುರಿನ ಹೆದ್ದಾರಿ ನೇರ ಬ್ರಹ್ಮಾವರಕ್ಕೆ ಹೋಗುತ್ತದೆ. ಒಂದು ಚಳಿಗಾಲ ನಿಮ್ಮ ಹಡಗನ್ನೂ ಆ ಕಡೆ ತಿರುಗಿಸಿ, ಅವತ್ತಿನ ಎರಡೂ ಪಂಕ್ತಿಗೆ ಬೇರೆ ಯಾರನ್ನಾದರೂ ಹಾಕಿ. ಪ್ರವಾಸದ ಟಿಕೆಟ್ಟೆಂದು ನಮ್ಮಿಂದ ವಸೂಲು ಮಾಡುವಷ್ಟನ್ನೇ ಬೇಕಿದ್ದರೆ ಅವನಿಂದಲೂ ಹಿಡಿದುಕೊಳ್ಳಿ. ಮಗ ಕೆಲಸ ಮಾಡುವ ಹಡಗನ್ನು ಒಮ್ಮೆ ಒಳಗೆ ಬಂದು ನೋಡಬೇಕು ಎಂದು ಅವನ ಅಮ್ಮನಿಗೂ ಆಸೆಯಂತೆ. ಸಂದರ್ಶಕರ ಪಾಸಿಗೆ ಎಷ್ಟಾಗುತ್ತದೆ ತಿಳಿಸಿ, ನಾನೇ ಕಟ್ಟುತ್ತೇನೆ. ಸರ್ವಿಸ್ ಚಾರ್ಜ್ ಸೇರಿಸಿಯೇ ಹೇಳಿ.

ಇತಿ,
ನಿಮ್ಮ ಪರಮ ತೃಪ್ತ ಪ್ರಯಾಣಿಕಳು